ಕನ್ವೆನ್ಷನ್ ಬೇಕಾದವರು ಖರ್ಚು ಹಾಕಿಕೊಳ್ಳಲಿ, ಖಜಾನೆ ಯಾಕೆ?

"ರಾಜ್ಯಗಳೆಲ್ಲ ಸೇರಿ ಸಂವಿಧಾನ ತಿದ್ದಲು ಹೊರಟರೆ ನಿಮಗೇನ್ರೀ ತೊಂದರೆ? ಅದಕ್ಕೆ ಸರ್ಕಾರ ನಾಲ್ಕು ಕಾಸು ಖರ್ಚು ಮಾಡಿದರೆ ಏನಾಯ್ತು?" ಟೆಕ್ಸಸ್‌ನ ಕನ್ನಡ ಸ್ನೇಹಿತರು ನನ್ನನ್ನು ಆಗಾಗ ಕೇಳುವ ಪ್ರಶ್ನೆ ಇದು. ಊರಿನವರಿಗೆ ಈ ಕನ್ವೆನ್ಷನ್ ಅನ್ನುವುದೇ ಹೊಸದು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಅಮೆರಿಕದ ಸಂವಿಧಾನದ 5ನೇ ವಿಧಿಯಲ್ಲಿ ತಿದ್ದುಪಡಿ ಸೂಚಿಸಲು ಎರಡು ದಾರಿ ಇವೆ. ಒಂದು, ಕಾಂಗ್ರೆಸ್‌ನ (ಪಕ್ಷವಲ್ಲ, ಇಲ್ಲಿನ ಸಂಸತ್ತು) ಎರಡೂ ಸದನಗಳು ಮೂರನೇ ಎರಡರಷ್ಟು ಬಹುಮತದಿಂದ ಸೂಚಿಸುವುದು. ಇನ್ನೊಂದು, 50ರಲ್ಲಿ 34 ರಾಜ್ಯಗಳ ಶಾಸನಸಭೆಗಳು ಅರ್ಜಿ ಹಾಕುವುದು. ಆಗ ಕಾಂಗ್ರೆಸ್ ಒಂದು ಕನ್ವೆನ್ಷನ್, ಅಂದರೆ ತಿದ್ದುಪಡಿ ಸೂಚಿಸಲೆಂದೇ ರಾಜ್ಯಗಳ ಪ್ರತಿನಿಧಿಗಳು ಸೇರುವ ಸಭೆ, ಕರೆಯಬೇಕು. ಹೇಗೆ ಬಂದರೂ ಕೊನೆಗೆ 38 ರಾಜ್ಯಗಳು ಒಪ್ಪಬೇಕು. ಈವರೆಗಿನ 27 ತಿದ್ದುಪಡಿಗಳೂ ಮೊದಲ ದಾರಿಯಲ್ಲೇ ಬಂದಿವೆ. ಭಾರತದ 368ನೇ ವಿಧಿಯಲ್ಲಂತೂ ಎರಡನೇ ದಾರಿಯೇ ಇಲ್ಲ. ಅಲ್ಲಿ ತಿದ್ದುಪಡಿ ಹುಟ್ಟುವುದು ಸಂಸತ್ತಿನಲ್ಲಿ ಮಾತ್ರ.

ಈ ಎರಡನೇ ದಾರಿ ತೆರೆಸಲು ಬಹಳ ವರ್ಷಗಳಿಂದ ಪ್ರಯತ್ನ ನಡೆದಿದೆ. ಕೇಂದ್ರದ ಬಜೆಟ್ ಸರಿದೂಗಿಸಲೇಬೇಕು ಎನ್ನುವ ತಿದ್ದುಪಡಿಗಾಗಿ 1983ರ ಹೊತ್ತಿಗೆ 32 ರಾಜ್ಯಗಳು ಅರ್ಜಿ ಹಾಕಿದ್ದವು. ಇನ್ನೆರಡು ಸಾಕಿತ್ತು. ಆಮೇಲೆ ಹಲವು ರಾಜ್ಯಗಳು ಹಿಂದೆ ಸರಿದವು. 2013ರಲ್ಲಿ 'ಕನ್ವೆನ್ಷನ್ ಆಫ್ ಸ್ಟೇಟ್ಸ್' ಎಂಬ ಹೊಸ ಚಳವಳಿ ಶುರುವಾಯಿತು. ಟೆಕ್ಸಸ್ ಗವರ್ನರ್, ರಿಪಬ್ಲಿಕನ್ ಪಕ್ಷದ ಗ್ರೆಗ್ ಅಬಟ್ 2016ರಲ್ಲಿ ತಮ್ಮದೇ 9 ತಿದ್ದುಪಡಿಗಳ ಪಟ್ಟಿ ಮುಂದಿಟ್ಟರು. ಮರುವರ್ಷ ಇಲ್ಲಿನ ಶಾಸನಸಭೆ ಅರ್ಜಿಯನ್ನೂ ಹಾಕಿತು.

ಅರ್ಜಿ ಹಾಕಿದ್ದಕ್ಕೆ ನನ್ನ ತಕರಾರಿಲ್ಲ. ಅದು ಶಾಸಕರ ಹಕ್ಕು, ಮತ್ತು ಅದಕ್ಕೆ ದುಡ್ಡೇನೂ ಹೆಚ್ಚು ಬೇಡ. ನಾನು ಬೇಡ ಅನ್ನುವುದು ಅದರಾಚೆಗಿನ ಖರ್ಚಿಗೆ. ಬೇರೆ ರಾಜ್ಯಗಳ ಶಾಸಕರನ್ನು ಒಲಿಸುವ ಪ್ರವಾಸ, ಪೂರ್ವಸಿದ್ಧತೆಯ ಸಭೆಗಳ ಹೋಟೆಲ್ ಬಿಲ್ಲು, 'ಅರ್ಜಿಗಳ ಲೆಕ್ಕ ಭರ್ತಿಯಾಗಿದೆ, ಕನ್ವೆನ್ಷನ್ ಕರೆಯಿರಿ' ಅಂತ ಕಾಂಗ್ರೆಸ್ ಮೇಲೆ ಕೇಸು ಹಾಕುವ ವಕೀಲರ ಫೀಸು. ಇದೆಲ್ಲ ಪ್ರಚಾರ. ಪ್ರಚಾರ ಮಾಡುವವರು ಚಂದಾ ಎತ್ತಿ ಮಾಡಲಿ, ಯಾರು ಬೇಡ ಅಂದರು?

ಟೆಕ್ಸಸ್‌ನಲ್ಲಿ ರಾಜ್ಯದ ಇನ್‌ಕಮ್ ಟ್ಯಾಕ್ಸ್ ಇಲ್ಲ ಅಂತ ನಾವು ಖುಷಿಪಡುತ್ತೇವೆ. ಆದರೆ ರಾಜ್ಯದ ತೆರಿಗೆ ಹಣದಲ್ಲಿ ಬಹುಪಾಲು ಬರುವುದು 6.25 ಪರ್ಸೆಂಟ್ ಸೇಲ್ಸ್ ಟ್ಯಾಕ್ಸ್‌ನಿಂದ. ವೀಸಾದ ಮೇಲಿರುವ ನಮ್ಮ ಎಷ್ಟೋ ಜನ ಫ್ರಿಜ್ ಕೊಂಡರೂ ಆ ಟ್ಯಾಕ್ಸ್ ಕಟ್ಟುತ್ತಾರೆ, ಓಟು ಮಾತ್ರ ಇಲ್ಲ. ಓಟಿರುವ ನನ್ನನ್ನೂ ಕನ್ವೆನ್ಷನ್ ಬೇಕಾ ಬೇಡವಾ ಅಂತ ಯಾರೂ ಕೇಳಿಲ್ಲ.

"ಶಾಸಕರನ್ನು ಆರಿಸಿದ್ದು ನಾವೇ ಅಲ್ವಾ?" ಅಂತ ಮುಂದಿನ ಪ್ರಶ್ನೆ ಬರುತ್ತದೆ. ಆಗ ನಾನು ನ್ಯೂಯಾರ್ಕ್ ಕಡೆ ಕೈ ತೋರಿಸುತ್ತೇನೆ. ಅದು ಬೇರೆ ಜಾತಿಯ ಕನ್ವೆನ್ಷನ್, ರಾಜ್ಯದ ಸ್ವಂತ ಸಂವಿಧಾನಕ್ಕೆ ಸಂಬಂಧಪಟ್ಟಿದ್ದು. ಆದರೆ ಅಲ್ಲಿ 20 ವರ್ಷಕ್ಕೊಮ್ಮೆ ಮೊದಲು ಜನರನ್ನೇ ಕೇಳಬೇಕು. 2017ರಲ್ಲಿ ಕೇಳಿದಾಗ 80 ಪರ್ಸೆಂಟಿಗೂ ಹೆಚ್ಚು ಜನ ಬೇಡ ಅಂದರು. ಹಣದ ಮಾತೂ ಜೋರಾಗಿಯೇ ನಡೆದಿತ್ತು. ಕನ್ವೆನ್ಷನ್‌ಗೆ 204 ಪ್ರತಿನಿಧಿಗಳು, ಪ್ರತಿಯೊಬ್ಬರಿಗೂ ಅಸೆಂಬ್ಲಿ ಸದಸ್ಯರ ಸಂಬಳ. ಹಾಲಿ ಶಾಸಕರೇ ಆರಿಸಿ ಬಂದರೆ ಎರಡೆರಡು ಸಂಬಳ! 1967ರಲ್ಲಿ ಅಲ್ಲಿ ಕನ್ವೆನ್ಷನ್ ನಡೆದೂ ಇತ್ತು. ತಿಂಗಳುಗಟ್ಟಲೆ ಕೂತು ಬರೆದ ಸಂವಿಧಾನವನ್ನು ಮತದಾರರು ಒಂದೇ ಏಟಿಗೆ ತಿರಸ್ಕರಿಸಿದರು. ಅಷ್ಟೂ ಖರ್ಚು ನೀರಲ್ಲಿ ಹೋಮ.

5ನೇ ವಿಧಿಯ ಕನ್ವೆನ್ಷನ್‌ಗೆ ಇಷ್ಟು ನಿಯಮವೂ ಇಲ್ಲ. ಅತಿ ಹೆಚ್ಚು ಜನರಿರುವ ಕ್ಯಾಲಿಫೋರ್ನಿಯಾಕ್ಕೂ ಅತಿ ಕಡಿಮೆ ಜನರಿರುವ ವಯೋಮಿಂಗ್‌ಗೂ ತಲಾ ಒಂದೇ ಓಟಾ? ಹಳೇ ಅರ್ಜಿಗಳು ಲೆಕ್ಕಕ್ಕೆ ಬರುತ್ತವಾ? ವಾಪಸ್ ಪಡೆದವು? ಒಂದು ವಿಷಯಕ್ಕೆ ಕರೆದ ಸಭೆ ಇನ್ನೊಂದಕ್ಕೆ ಕೈ ಹಾಕಿದರೆ ತಡೆಯುವವರು ಯಾರು? ಕಾಂಗ್ರೆಸ್ ಈ ಬಗ್ಗೆ ಕಾನೂನನ್ನೇ ಮಾಡಿಲ್ಲ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದವರಿಗೆ ವಹಿಸಿದ್ದು ರಾಜ್ಯಗಳ ನಡುವಿನ ಹಳೇ ಒಪ್ಪಂದದ ರಿಪೇರಿ. ಅವರು ಬರೆದಿದ್ದು ಹೊಸ ಸಂವಿಧಾನ, ಅಮೆರಿಕದ ಈಗಿನದು. ಹಳೆಯದರಲ್ಲಿ ತಿದ್ದುಪಡಿಗೆ 13 ರಾಜ್ಯಗಳೂ ಒಪ್ಪಬೇಕಿತ್ತು, ಹೊಸದು ಜಾರಿಯಾಗಲು 9 ಸಾಕು ಅಂತ ಅವರೇ ಬರೆದುಕೊಂಡರು. ಫಲ ಒಳ್ಳೆಯದೇ ಆಯಿತು, ಒಪ್ಪುತ್ತೇನೆ. ಆದರೆ ಗಡಿ ಎಲ್ಲಿ ಅಂತ ಗೊತ್ತಿಲ್ಲದ ಕೆಲಸಕ್ಕೆ ಯಾವ ಆಡಿಟರ್ ತಾನೇ ಬಿಲ್ ಪಾಸು ಮಾಡುತ್ತಾನೆ?

"ನೀವು ಡೆಮಾಕ್ರಟ್ ಅಲ್ವಾ, ಅದಕ್ಕೇ ಹೀಗೆ" ಅನ್ನುವವರೂ ಇದ್ದಾರೆ. ಕನ್ವೆನ್ಷನ್ ಬೇಡ ಅನ್ನುವವರಲ್ಲಿ ಎಡಪಂಥದ ಕಡೆ ವಾಲುವ 'ಕಾಮನ್ ಕಾಸ್' ಸಂಘಟನೆ ಇದೆ, ಕಟ್ಟಾ ಬಲಪಂಥೀಯ 'ಜಾನ್ ಬರ್ಚ್ ಸೊಸೈಟಿ'ಯೂ ಇದೆ. ಬೇರೆ ಯಾವ ವಿಷಯಕ್ಕೂ ಅವರಿಬ್ಬರೂ ಒಂದೇ ಪಂಕ್ತಿಯಲ್ಲಿ ಕೂರಲಿಕ್ಕಿಲ್ಲ. 2023ರಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ಮಾತಿಗೆ ಕ್ಯಾಲಿಫೋರ್ನಿಯಾ ಬಂದೂಕು ನಿಯಂತ್ರಣಕ್ಕಾಗಿ ಇಂಥದೇ ಅರ್ಜಿ ಹಾಕಿತು. ಬಂದೂಕಿನ ವಿಷಯದಲ್ಲಿ ನಾನು ಅವರ ಕಡೆಯವನೇ. ಆದರೂ ಅದರ ಪ್ರಚಾರಕ್ಕೆ ಅಲ್ಲಿನ ತೆರಿಗೆ ಹಣ ಬಳಸಿದರೂ ನಾನು ಬೇಡ ಅಂತಲೇ ಹೇಳುತ್ತೇನೆ.

ನಾಳೆ ನಿಜವಾಗಿ 34 ರಾಜ್ಯಗಳಾಗಿ, ಕಾಂಗ್ರೆಸ್ ಸಭೆ ಕರೆದರೆ? ಆಗ ಮಾತು ಬೇರೆ. ಆಗ ಟೆಕ್ಸಸ್ ಪ್ರತಿನಿಧಿಗಳನ್ನು ಕಳಿಸಲೇಬೇಕು, ಅವರ ಟಿಕೆಟ್ಟು ಊಟ ನೋಡಿಕೊಳ್ಳಲೇಬೇಕು. ಬಜೆಟ್‌ನಲ್ಲಿ ಆ ಖರ್ಚನ್ನು ಬೇರೆ ಸಾಲಾಗಿ ಕಾಣುವಂತೆ ಬರೆದರೆ ನಾನು ತಕರಾರು ಮಾಡುವುದಿಲ್ಲ.