ಬಾಗಿಲು ಹಾಕಿಕೊಂಡ ಬಿಲ

ಬೆಳೆ ರಕ್ಷಣೆ ಬಗ್ಗೆ ರೈತರ ಹೊಲಕ್ಕೇ ಹೋಗಿ ಹೇಳಿಕೊಡುವುದು ನನ್ನ ಕೆಲಸ. ಮೊದಲ ಮೂರು ವರ್ಷ ಕುಷ್ಟಗಿ ಕಡೆಯ ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲಗಳಲ್ಲಿ ಓಡಾಡಿದೆ. ಆಮೇಲೆ ಗಂಗಾವತಿ ಕಡೆ ಹಾಕಿದರು. ಅಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಕಣ್ಣು ಹಾಯಿಸಿದಷ್ಟೂ ಭತ್ತ.

ಮೊದಲ ವಾರವೇ ತಪ್ಪು ಮಾಡಿದೆ. ಇಲಿ ಕಾಟ ಅಂತ ಒಬ್ಬ ರೈತರು ಕರೆದಿದ್ದರು. ಬದುವಿನುದ್ದಕ್ಕೂ ನಡೆದೆ. ಒಂದೂ ತೆರೆದ ಬಿಲ ಇಲ್ಲ, ಅಲ್ಲಲ್ಲಿ ಮಣ್ಣಿನ ಗುಡ್ಡೆ ಅಷ್ಟೇ. "ಬಿಲಗಳೇ ಇಲ್ಲವಲ್ರೀ" ಅಂದೆ. ಅವರು ಸಲಿಕೆಯಿಂದ ಒಂದು ಗುಡ್ಡೆ ಸರಿಸಿದರು. "ಬಾಗ್ಲ ಹಾಕ್ಕೊಂಡು ಒಳಗೈತ್ರಿ ಸರ." ಇನ್ನಷ್ಟು ಅಗೆದಾಗ ಕೂಡಿಟ್ಟ ಭತ್ತದ ತೆನೆ ಬೊಗಸೆ ತುಂಬ ಸಿಕ್ಕಿತು.

ಅದು ಹೆಗ್ಗಣದ ಬಿಲ. ನಾನು ಹುಡುಕುತ್ತಿದ್ದದ್ದು ಮಸಾರಿಯ ಜರ್ಬಿಲ್ ಇಲಿಯ ಬಿಲ. ಬಾಲದ ತುದಿಯಲ್ಲಿ ಕೂದಲ ಕುಚ್ಚಿರುವ ಇಲಿ ಅದು. ನಮ್ಮ ಕಡೆಯ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಅವು ಸವೆದು ಆದ ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ಒಣ ನೆಲ ಈ ಇಲಿಗೆ ಒಗ್ಗುತ್ತದೆ. ಹೆಗ್ಗಣಕ್ಕೆ ತೇವ ಬೇಕು. ಹಸಿ ಜೇಡಿ ಒತ್ತಿದರೆ ಬಾಗಿಲಿನ ಹಾಗೆ ಗಟ್ಟಿಯಾಗಿ ಕೂರುತ್ತದೆ.

ಎರೆ, ಅಂದರೆ ಕಪ್ಪು ಮಣ್ಣಿನ ಭೂಮಿಯ ಕಥೆ ಇನ್ನೊಂದು. ಬೇಸಿಗೆಯಲ್ಲಿ ಅದು ಬಿರುಕು ಬಿಡುತ್ತದೆ, ಮೆತ್ತನೆ ತುಪ್ಪಳದ ಹೊಲದ ಇಲಿಗೆ ಆ ಬಿರುಕೇ ಮನೆ. ಮಳೆ ಬಿದ್ದು ಎರೆ ಉಬ್ಬಿದರೆ ಮನೆ ಮುಚ್ಚಿಹೋಗುತ್ತದೆ.

ಆ ದಿನದಿಂದ ಇದರ ಬಗ್ಗೆ ಓದುವ ಹುಚ್ಚು ಹತ್ತಿತು. ನೆಲದೊಳಗೇ ಬದುಕುವ ಆಫ್ರಿಕಾದ ಮೋಲ್ ಇಲಿಗಳಲ್ಲಿ ಹೆಚ್ಚಿನವು ಗಟ್ಟಿ ನೆಲವನ್ನು ಬಾಚಿಹಲ್ಲಿನಿಂದಲೇ ಅಗೆಯುತ್ತವೆ. ಬಾಯಿಗೆ ಮಣ್ಣು ಹೋಗದ ಹಾಗೆ ತುಟಿ ಹಲ್ಲಿನ ಹಿಂದೆ ಮುಚ್ಚಿಕೊಳ್ಳುತ್ತದೆ! ಅದೇ ಕುಟುಂಬದ ಇನ್ನೊಂದು, ಕೇಪ್ ಕರಾವಳಿಯ ಸಡಿಲ ಮರಳಲ್ಲಿರುವುದು, ಉಗುರಿನಿಂದ ಅಗೆಯುತ್ತದೆ. ಇಸ್ರೇಲಿನಲ್ಲಿ ಕಣ್ಣಿನ ಮೇಲೆ ಚರ್ಮ ಮುಚ್ಚಿರುವ ಕುರುಡು ಮೋಲ್ ಇಲಿಗಳಿವೆ. ತಂಪಾದ ಉತ್ತರದಲ್ಲಿ ಅವುಗಳ ಕ್ರೋಮೋಸೋಮ್ ಸಂಖ್ಯೆ 52, ಒಣ ದಕ್ಷಿಣದಲ್ಲಿ 60. ಮಣ್ಣು, ಮಳೆ ಎರಡೂ ಲಕ್ಷಾಂತರ ವರ್ಷ ಕೂತು ಪ್ರಾಣಿಯನ್ನು ತಿದ್ದಿವೆ, ಅಲ್ವಾ?

ನಮ್ಮ ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ. ಅಷ್ಟರಲ್ಲಿ ಹಲ್ಲು, ಉಗುರು ಬದಲಾಗುವುದಿಲ್ಲ. ಆದರೆ ನೆಲಕ್ಕೆ ನೀರು ಬಂದರೆ ಅಲ್ಲಿ ಯಾರು ವಾಸ ಮಾಡಬೇಕು ಅನ್ನುವುದು ಬೇಗ ಬದಲಾಗುತ್ತದೆ. ನಾನು ಇದನ್ನು ಮರೆತು ಕುಷ್ಟಗಿಯ ಕಣ್ಣಿನಿಂದ ಗಂಗಾವತಿ ನೋಡಿದ್ದೆ.

ಈಗ ಮಸಾರಿಯಲ್ಲಾದರೆ ಸಂಜೆ ಬಿಲಗಳನ್ನು ಮುಚ್ಚಿಸಿ, ಬೆಳಿಗ್ಗೆ ತೆರೆದಿರುವುದನ್ನು ಎಣಿಸುತ್ತೇನೆ. ಗದ್ದೆಯಲ್ಲಿ ಸಂಜೆ ಗುಡ್ಡೆಗಳನ್ನು ಸಪಾಟು ಮಾಡಿಸಿ, ಬೆಳಿಗ್ಗೆ ಎದ್ದಿರುವ ಹೊಸ ಗುಡ್ಡೆ ಎಣಿಸುತ್ತೇನೆ. ಅನುಮಾನ ಬಂದರೆ ಒಂದು ಹಿಡಿ ಮಣ್ಣು ತೆಗೆದು ಹಿಸುಕಿ ನೋಡುತ್ತೇನೆ. ಇನ್ನೂ ಹಸಿ ಇದ್ದರೆ ಹೆಗ್ಗಣ ಒಳಗೇ ಇದೆ.