ವಸ್ವಾಸ್‌ಗೆ ದುಆ ಸಾಕೇ, ಡಾಕ್ಟರ್ ಬೇಕೇ?

“ವುಝೂ (ನಮಾಝಿಗೆ ಮುನ್ನ ಕೈಕಾಲು ಮುಖ ತೊಳೆಯುವುದು) ಮಾಡಲು ಮುಕ್ಕಾಲು ಗಂಟೆ ಹಿಡಿಯುತ್ತದೆ. ತಕ್ಬೀರ್ (‘ಅಲ್ಲಾಹು ಅಕ್ಬರ್’) ಹೇಳಿ ಕೈ ಕಟ್ಟುತ್ತಾರೆ, ಬಿಡುತ್ತಾರೆ, ಮತ್ತೆ ಕಟ್ಟುತ್ತಾರೆ. ಇದು ಈಮಾನ್ (ವಿಶ್ವಾಸ) ಕಮ್ಮಿಯಾದದ್ದಕ್ಕೋ, ಶೈತಾನನ ಕಾಟವೋ, ಕಾಯಿಲೆಯೋ? ಏನು ಓದಿದರೆ ಹೋಗುತ್ತದೆ?” ವಸ್ವಾಸ್, ಅಂದರೆ ಬಿಡದೆ ಕಾಡುವ ಸಂಶಯ, ಹಿಡಿದವರ ಮನೆಮಂದಿ ಕೇಳುವುದು ಹೆಚ್ಚುಕಡಿಮೆ ಇದೇ ಮಾತಿನಲ್ಲಿ.

ಈಮಾನಿನ ಮಾತನ್ನು ಮೊದಲು ಮುಗಿಸೋಣ. ಬಾಯಿಬಿಟ್ಟು ಹೇಳಲೂ ಅಂಜುವಂಥ ಯೋಚನೆಗಳು ಬರುತ್ತಿವೆ ಎಂದು ಸಂಗಾತಿಗಳಾದ ಸಹಾಬಿಗಳೇ ಪ್ರವಾದಿಯವರ (ಸ) ಬಳಿ ಹೇಳಿಕೊಂಡಿದ್ದರು. ಅದು ಸ್ಪಷ್ಟ ಈಮಾನ್ ಎಂದು ಅವರು ಉತ್ತರಿಸಿದ್ದು ಹದೀಸ್ ಸಂಗ್ರಹವಾದ ಸಹೀಹ್ ಮುಸ್ಲಿಮ್‌ನಲ್ಲಿದೆ. ಯೋಚನೆ ಬಂದಾಗ ಎದೆ ನಡುಗುವುದೇ ಆ ಈಮಾನಿನ ಗುರುತು. ಹಾಗಾಗಿ ಅಲ್ಲಾಹನ ಬಗ್ಗೆ ಕೆಟ್ಟ ಯೋಚನೆ ಬಂತೆಂದು ದಿನಕ್ಕೆ ಇಪ್ಪತ್ತು ಸಲ ಕಲಿಮಾ ಹೇಳಿ ಮತ್ತೆ ಇಸ್ಲಾಮಿಗೆ ಬರಬೇಕಾಗಿಲ್ಲ. ನೀವು ಹೊರಗೆ ಹೋಗಿಯೇ ಇಲ್ಲ.

ಇನ್ನು ಶೈತಾನನೋ ಕಾಯಿಲೆಯೋ ಎಂಬುದು. ಕುರ್‌ಆನಿನ ಕೊನೆಯ ಸೂರಃದಲ್ಲಿರುವ ‘ವಸ್ವಾಸ್’ ಎಂಬ ಪದವನ್ನೇ ಹಿಂದಿನವರು ಗೀಳಿಗೂ ಬಳಸಿದರು. ಈಗಿನ ಅಫ್ಘಾನಿಸ್ತಾನದ ಬಲ್ಖ್‌ನ ಅಬೂ ಝೈದ್ ಅಲ್-ಬಲ್ಖಿ (ನಿಧನ 934) ಭಯ, ದುಃಖ, ಕೋಪಗಳ ಜೊತೆ ವಸ್ವಾಸನ್ನೂ ಮನಸ್ಸಿನ ರೋಗವೆಂದು ಬರೆದು, ಅದಕ್ಕೆ ಚಿಕಿತ್ಸೆ ಹೇಳಿದ್ದರು. ಒಂಟಿಯಾಗಿ ಕೂರಬೇಡಿ, ಮನಸ್ಸನ್ನು ಕೆಲಸಕ್ಕೆ ಹಚ್ಚಿ ಎಂಬುದು ಅದರಲ್ಲೊಂದು. ಕಾಯಿಲೆ ಎಂದು ಒಪ್ಪಿದರೆ ದೀನಿನಿಂದ ದೂರವಾದಂತೆ ಎಂಬ ಹೆದರಿಕೆಗೆ ಆಧಾರವಿಲ್ಲ.

ಏನು ಓದಬೇಕು ಎಂದು ಕೇಳುವವರು ಫಿಕ್ಹ್‌ನ (ಧಾರ್ಮಿಕ ವಿಧಿನಿಯಮಗಳ ಶಾಸ್ತ್ರ) ಕಡೆ ನೋಡುವುದೇ ಇಲ್ಲ. ನಿಜವಾದ ಮದ್ದು ಇರುವುದು ಅಲ್ಲಿಯೇ. ‘ಯಕೀನ್ (ಖಚಿತವಾದದ್ದು) ಶಕ್‌ನಿಂದ (ಸಂಶಯದಿಂದ) ಅಳಿಯದು’ ಎಂಬುದು ಫಿಕ್ಹ್‌ನ ಐದು ದೊಡ್ಡ ಸೂತ್ರಗಳಲ್ಲಿ ಒಂದು. ನಮಾಝಿನಲ್ಲಿ ಗಾಳಿ ಹೋಯಿತೇನೋ ಅನ್ನಿಸಿದರೆ, ಸದ್ದು ಕೇಳುವವರೆಗೆ ಅಥವಾ ವಾಸನೆ ಬರುವವರೆಗೆ ನಮಾಝ್ ಬಿಡಬಾರದು ಎಂಬ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ‘ಅನ್ನಿಸಿತು’ ಎಂಬುದಕ್ಕೆ ಇಲ್ಲಿ ಬೆಲೆಯೇ ಇಲ್ಲ.

ನೀರಿಗೂ ಅಳತೆಯಿದೆ. ಪ್ರವಾದಿಯವರು (ಸ) ಒಂದು ಮುದ್ದ್ (ಹಳೆಯ ಅಳತೆ) ನೀರಿನಲ್ಲಿ ವುಝೂ ಮಾಡುತ್ತಿದ್ದರು. ಫಿಕ್ಹ್‌ನ ಎರಡು ಪಂಥಗಳಲ್ಲಿ, ಶಾಫಿಈ ಲೆಕ್ಕದಲ್ಲಿ ಅದು ಮುಕ್ಕಾಲು ಲೀಟರಿನ ಆಸುಪಾಸು, ಹನಫಿ ಲೆಕ್ಕದಲ್ಲಿ ಸ್ವಲ್ಪ ಹೆಚ್ಚು. ಒಂದು ಸಲ ತೊಳೆಯುವುದು ಕಡ್ಡಾಯ, ಮೂರು ಸಲ ಸುನ್ನತ್. ಮೂರನ್ನು ಮೀರುವುದು ಅತಿರೇಕ. ನಾಲ್ಕನೇ ಸಲ ತೊಳೆದವನು ಹೆಚ್ಚು ಪಾವನನಾಗುವುದಿಲ್ಲ.

ಕರಾವಳಿಯಲ್ಲಿ ಶಾಫಿಈ ಮದ್‌ಹಬ್‌ನವರೇ ಹೆಚ್ಚು, ಹಾಗಾಗಿ ನಿಯ್ಯತ್ತಿನ (ನಮಾಝಿನ ಸಂಕಲ್ಪದ) ಕಷ್ಟವೂ ಅಲ್ಲಿ ಹೆಚ್ಚು ಕೇಳಿಬರುತ್ತದೆ. ತಕ್ಬೀರ್ ಹೇಳುವಾಗಲೇ ನಿಯ್ಯತ್ ಮನಸ್ಸಿನಲ್ಲಿರಬೇಕು ಎಂಬ ನಿಯಮ ಹಿಡಿದು, “ಅಲ್ಲಾ...” ಎಂದು ಅರ್ಧಕ್ಕೇ ನಿಲ್ಲಿಸುವವರಿದ್ದಾರೆ. ಶಾಫಿಈ ವಿದ್ವಾಂಸ ಇಮಾಮ್ ನವವಿಯವರೇ, ತಮಗಿಂತ ಹಿಂದಿನ ಗಝಾಲಿಯವರಂತೆ ಸಾಮಾನ್ಯ ರೂಢಿಯ ಮಟ್ಟದ ಹೊಂದಿಕೆ ಸಾಕೆಂಬ ಅಭಿಪ್ರಾಯವನ್ನು ಆಯ್ದುಕೊಂಡರು. ಯಾವ ನಮಾಝಿಗೆ ನಿಂತಿದ್ದೀರಿ ಎಂದು ಯಾರಾದರೂ ಕೇಳಿದರೆ ಉತ್ತರ ಬರುತ್ತದೆಯೇ? ಬಂದರೆ ನಿಯ್ಯತ್ ಹೊಂದಿತು. ಅಕ್ಷರ ಅಕ್ಷರಕ್ಕೂ ಜೋಡಿಸುವ ಕೆಲಸ ಬೇಡ.

ಮಾತು ಮಾತಿಗೂ ತಲಾಕ್ ಆಗಿಹೋಯಿತೇನೋ ಎಂದು ಸಾಯುವಷ್ಟು ಹೆದರುವವರಿಗೆ ಒಂದು ಮಾತು: ವಸ್ವಾಸ್ ಇರುವವನ ತಲಾಕ್ ಊರ್ಜಿತವಲ್ಲ ಎಂಬ ಸಹಾಬಿ ಉಕ್ಬಾ ಬಿನ್ ಆಮಿರ್ ಅವರ ಅಭಿಪ್ರಾಯ ಬುಖಾರಿಯಲ್ಲೇ ದಾಖಲಾಗಿದೆ.

ಹಾಗಾದರೆ ಮದ್ದೇನು? 16ನೇ ಶತಮಾನದ ಶಾಫಿಈ ವಿದ್ವಾಂಸ ಇಬ್ನ್ ಹಜರ್ ಅಲ್-ಹೈತಮಿ ಕೊಟ್ಟ ಉತ್ತರ: ಪೂರ್ತಿ ಮುಖ ತಿರುಗಿಸುವುದು. ಕಿವಿಗೊಡದಿದ್ದರೆ ಅದು ಬೇರೂರುವುದಿಲ್ಲ, ಕಿವಿಗೊಟ್ಟರೆ ಬೆಳೆಯುತ್ತಾ ಹುಚ್ಚಿನ ಅಂಚಿಗೆ ಒಯ್ಯುತ್ತದೆ. ಇವತ್ತಿನ ಮನೋವೈದ್ಯರು ಓಸಿಡಿಗೆ (ಗೀಳಿನ ಕಾಯಿಲೆಗೆ) ಕೊಡುವ ಇಆರ್‌ಪಿ ಚಿಕಿತ್ಸೆಯ ತಿರುಳೂ ಇದೇ: ಆತಂಕ ಹುಟ್ಟಿಸುವುದನ್ನು ಎದುರಿಸು, ಅದನ್ನು ತಣಿಸುವ ಕ್ರಿಯೆ ಮಾಡಬೇಡ.

ಮಾಡುವ ಬಗೆ ಹೀಗೆ. ನಲ್ಲಿ ಮುಚ್ಚಿ. ಮೊದಲ ವಾರ ನಾಲ್ಕು ಲೀಟರ್ ನೀರನ್ನು ಬಕೆಟ್‌ಗೆ ಅಳೆದಿಡಿ, ಮುಂದಿನ ವಾರ ಎರಡು, ಆಮೇಲೆ ಒಂದು. ನೀರು ಮುಗಿದರೆ ವುಝೂ ಮುಗಿಯಿತು. ಮೊಣಕೈ ಹಿಂದೆ ಕೂದಲೆಳೆಯಷ್ಟು ಒಣಗಿದೆಯೇನೋ ಎನ್ನಿಸುತ್ತದೆ. ತಿರುಗಿಸಿ ನೋಡಬೇಡಿ, ಕನ್ನಡಿಗೆ ಹೋಗಬೇಡಿ, “ನೋಡಿದಿಯಲ್ಲ, ಸರಿಯಾಗಿತ್ತಾ?” ಎಂದು ಹೆಂಡತಿಯನ್ನು ಕೇಳಬೇಡಿ. ಎದೆ ಹೊಡೆದುಕೊಳ್ಳುತ್ತಿದ್ದರೂ ಮುಸಲ್ಲಾ (ನಮಾಝಿನ ಚಾಪೆ) ಮೇಲೆ ನಿಂತುಬಿಡಿ. ಆತಂಕ ಏರುತ್ತದೆ, ತಾನಾಗಿ ಇಳಿಯುತ್ತದೆ. ಹೀಗೆ ಇಳಿದದ್ದನ್ನು ಮತ್ತೆ ಮತ್ತೆ ಕಂಡಾಗಲೇ ಮನಸ್ಸು ಕಲಿಯುವುದು. ಎಲ್ಲಕ್ಕಿಂತ ಕಷ್ಟದ್ದನ್ನು ಮೊದಲು ಹಿಡಿಯಬಾರದು. ಹೆದರಿಕೆಗಳಿಗೆ ನೂರರಲ್ಲಿ ಅಂಕ ಕೊಟ್ಟು, ಮೂವತ್ತು ನಲವತ್ತರಿಂದ ಶುರುಮಾಡಿ.

ಕೆಡುವುದು ಎಲ್ಲಿ ಗೊತ್ತೇ? ಮದ್ದೇ ಗೀಳಾಗುವಲ್ಲಿ. ನಮಾಝಿನಲ್ಲಿ ವಸ್ವಾಸ್ ಬಂದರೆ ಅಲ್ಲಾಹನ ಅಭಯ ಬೇಡಿ ಎಡಕ್ಕೆ ಮೂರು ಸಲ ಮೆಲ್ಲಗೆ ಉಗುಳು ಊದಲು ಹದೀಸ್ ಹೇಳುತ್ತದೆ. ಅದನ್ನು ಮಾಡಿ ಮುಂದೆ ಹೋಗಬೇಕು. “ಅಊದು (ಅಭಯ ಬೇಡುವ ಮಾತು) ಸರಿಯಾಗಿ ಬಂತಾ?” ಎಂದು ಮೂವತ್ತು ಸಲ ಹೇಳತೊಡಗಿದರೆ ದುಆವೇ ಮತ್ತೆ ಮತ್ತೆ ತೊಳೆಯುವ ನೀರಾಯಿತು. ಫತ್ವಾ ಕೂಡ ಹಾಗೆಯೇ. ಒಬ್ಬ ಉಸ್ತಾದರನ್ನು ಒಮ್ಮೆ ಕೇಳಿ, ಉತ್ತರ ಬರೆದಿಟ್ಟುಕೊಳ್ಳಿ. ನಾಲ್ವರನ್ನು ಕೇಳಿ ಯೂಟ್ಯೂಬಿನಲ್ಲಿ ಐದನೆಯವರನ್ನು ಹುಡುಕುವುದೂ ತೊಳೆಯುವುದೇ. ಉಸ್ತಾದರಲ್ಲಿ ನನ್ನ ವಿನಂತಿ: ಎರಡನೇ ಸಲ ಕೇಳಿದಾಗ “ಉತ್ತರ ಆಗಲೇ ಕೊಟ್ಟಿದ್ದೇನೆ” ಎಂದು ಪ್ರೀತಿಯಿಂದ ಹೇಳಿ ನಿಲ್ಲಿಸಿ. ಇನ್ನು ಜಿನ್ನ್ ಹಿಡಿದಿದೆ ಎಂದು ರುಖ್ಯಾಕ್ಕೆ (ಓದಿ ಊದುವುದಕ್ಕೆ) ಸಾವಿರಾರು ರೂಪಾಯಿ ಕೇಳಿ, ಡಾಕ್ಟರ್ ಕೊಟ್ಟ ಗುಳಿಗೆ ಬಿಡಿಸುವವರ ಬಳಿ ಹೋಗಲೇಬೇಡಿ.

ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಇದರಲ್ಲೇ ಹೋಗುತ್ತಿದ್ದರೆ, ಇಲ್ಲವೇ ಕೆಲಸ, ಓದು, ಸಂಸಾರ ಕೆಡುತ್ತಿದ್ದರೆ ಮನೋವೈದ್ಯರನ್ನು ಕಾಣಿ. ಫ್ಲೂಆಕ್ಸೆಟಿನ್, ಸರ್ಟ್ರಲಿನ್‌ನಂಥ ಎಸ್‌ಎಸ್‌ಆರ್‌ಐ ಗುಳಿಗೆಗಳ ಪರಿಣಾಮ ಸರಿಯಾಗಿ ತಿಳಿಯಲು 8ರಿಂದ 12 ವಾರ ಬೇಕು. ಮೂರನೇ ವಾರಕ್ಕೆ “ಏನೂ ಆಗಲಿಲ್ಲ” ಎಂದು ಬಿಡುವವರು ಬಹಳ. ಇಆರ್‌ಪಿ ಮಾಡಿಸುವವರಿಗೆ ನಿಮ್ಮ ಫಿಕ್ಹ್‌ನ ಮಿತಿ ತಿಳಿಸಿ. ನಜಸ್ (ಅಶುದ್ಧ ವಸ್ತು) ಮುಟ್ಟಿ ಕುರ್‌ಆನ್ ಹಿಡಿಯುವಂಥದ್ದು ಬೇಕಾಗಿಯೇ ಇಲ್ಲ. ದೀನದಾರ ಸಾಮಾನ್ಯ ಮನುಷ್ಯ ಎಷ್ಟು ಮಾಡುತ್ತಾನೋ ಅಷ್ಟಕ್ಕೆ ನಿಲ್ಲುವುದೇ ಗುರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಓಸಿಡಿಗೆಂದೇ ಕ್ಲಿನಿಕ್ ಇದೆ. ದೂರದವರು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ರಮಝಾನಿನಲ್ಲಿ ಗುಳಿಗೆ ನಿಲ್ಲಿಸಬೇಡಿ. ದಿನಕ್ಕೊಂದು ಗುಳಿಗೆಯಾದರೆ ಇಫ್ತಾರ್ ಅಥವಾ ಸಹ್ರಿಯ ಹೊತ್ತಿಗೆ ಬದಲಿಸಿಕೊಳ್ಳಬಹುದೇ ಎಂದು ಅದರ ಹಿಂದಿನ ತಿಂಗಳು ಶಅಬಾನಿನಲ್ಲೇ ಡಾಕ್ಟರನ್ನು ಕೇಳಿಟ್ಟುಕೊಳ್ಳಿ.