ಉಸಿರು ಜೋರಾದರೆ ಮುಟ್ಟು, ಅಮ್ಮಾ

ಕನಸು ಕಾಣುತ್ತಿರುವಾಗಲೇ ಅದು ಕನಸೆಂದು ನನಗೆ ಚಿಕ್ಕಂದಿನಿಂದಲೂ ಗೊತ್ತಾಗುತ್ತದೆ. ಯಾರೂ ಕಲಿಸಿದ್ದಲ್ಲ. ಎಂಟೊಂಬತ್ತು ವರ್ಷದವಳಿದ್ದಾಗ ಕನಸಿನಲ್ಲಿ ನಾಯಿ ಅಟ್ಟಿಸಿಕೊಂಡು ಬಂದರೆ ನಿಂತು, ತಿರುಗಿ, ‘ನೀನು ಕನಸಿನ ನಾಯಿ’ ಎನ್ನುತ್ತಿದ್ದೆ. ಅದು ಸುಮ್ಮನಾಗುತ್ತಿತ್ತು. ಅನುಮಾನ ಬಂದರೆ ಅಂಗಡಿಯ ಬೋರ್ಡನ್ನು ಎರಡು ಸಲ ಓದುತ್ತಿದ್ದೆ. ಕನಸಿನಲ್ಲಿ ನನಗೆ ಅಕ್ಷರಗಳು ನಿಲ್ಲುವುದಿಲ್ಲ. ‘ಕಾಫಿ ಪುಡಿ’ ಎಂದಿದ್ದದ್ದು ಮತ್ತೆ ನೋಡುವಷ್ಟರಲ್ಲಿ ಬೇರೇನೋ ಆಗಿರುತ್ತದೆ. ಇದಕ್ಕೆ ಲೂಸಿಡ್ ಡ್ರೀಮ್ ಎಂಬ ಹೆಸರಿದೆ ಎಂದು ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಕೆಟ್ಟ ಕನಸಿಗೆ ನಾನು ಯಾವತ್ತೂ ಹೆದರಿದವಳಲ್ಲ.

ಕಳೆದ ಮಾರ್ಚಿನಲ್ಲಿ ಕಚೇರಿಯ ರಾತ್ರಿ ಪಾಳಿ ಮೂರನೆಯ ವಾರಕ್ಕೆ ಬಿದ್ದಿತ್ತು. ಎಲೆಕ್ಟ್ರಾನಿಕ್ ಸಿಟಿಯಿಂದ ಹೊರಟ ಕ್ಯಾಬ್ ನನ್ನನ್ನು ಹನುಮಂತನಗರದಲ್ಲಿ ಇಳಿಸುವಾಗ ಬೆಳಗಿನ ಜಾವ ನಾಲ್ಕೂವರೆ. ಬಟ್ಟೆ ಕೂಡ ಬದಲಿಸದೆ ಅಂಗಾತ ಬಿದ್ದುಕೊಂಡೆ. ಕಣ್ಣು ಬಿಟ್ಟಾಗ ಕಿಟಕಿಯ ಸರಳುಗಳ ನೆರಳು ಗೋಡೆಯ ಮೇಲಿತ್ತು. ಫ್ಯಾನ್ ತಿರುಗುತ್ತಿತ್ತು. ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ಇಡುವ ಸದ್ದು. ಎಲ್ಲವೂ ಇದ್ದಲ್ಲಿಯೇ ಇತ್ತು. ಬೀರುವಿನ ಪಕ್ಕದಲ್ಲಿ ಮಾತ್ರ ಯಾರೋ ನಿಂತಿದ್ದರು.

ಮುಖವಿಲ್ಲ. ಕಂಬಳಿ ಹೊದ್ದಂಥ ಎತ್ತರದ ಕಪ್ಪು. ಕೈ ಎತ್ತಲು ಹೋದೆ, ಬೆರಳೂ ಅಲುಗಲಿಲ್ಲ. ಕೂಗಲು ಹೋದೆ, ಗಂಟಲು ತೆರೆಯಲಿಲ್ಲ. ಎದೆಯ ಮೇಲೆ ಅಕ್ಕಿಮೂಟೆ ಇಟ್ಟಂತಿತ್ತು. ಆಗ ನನ್ನ ಹಳೆಯ ಪರೀಕ್ಷೆ ನೆನಪಾಯಿತು. ಗೋಡೆಯ ಕ್ಯಾಲೆಂಡರ್ ಓದಿದೆ: ಮಾರ್ಚ್. ಕಣ್ಣು ಹೊರಳಿಸಿ ಮತ್ತೆ ಓದಿದೆ: ಮಾರ್ಚ್. ಅಕ್ಷರ ಕದಲಲಿಲ್ಲ. ಹಾಗಾದರೆ ಇದು ಕನಸಲ್ಲ. ಹಾಗಾದರೆ ಬೀರುವಿನ ಪಕ್ಕ ನಿಂತಿರುವುದೂ ನಿಜ! ಇಷ್ಟು ವರ್ಷ ನನ್ನನ್ನು ಕಾಪಾಡಿದ ಪರೀಕ್ಷೆಯೇ ಅಂದು ನನ್ನ ಕೈಬಿಟ್ಟಿತು. ಆ ಒಂದು ಕ್ಷಣದ ಭಯವನ್ನು ಇಂದಿಗೂ ಮರೆತಿಲ್ಲ.

ಅದು ಒಂದು ನಿಮಿಷವೂ ಇದ್ದಿರಲಾರದು. ಹೋದ ಮೇಲೆ ಅಮ್ಮನನ್ನು ಅಪ್ಪಿಕೊಂಡು ಅತ್ತೆ.

ಅಜ್ಜಿ ಕೇಳಿದವಳೇ ‘ದೆವ್ವ ಅಮುಕಿದೆ’ ಎಂದು ನನ್ನ ದಿಂಬಿನ ಕೆಳಗೆ ಅಡಕತ್ತರಿ ಇಟ್ಟಳು. 1990ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದ ಕಾಲದಲ್ಲಿ ನಮ್ಮ ಬಾಗಿಲಿಗೂ ಸೀಮೆಸುಣ್ಣದಲ್ಲಿ ಬರೆದವಳು ಅವಳೇ. ದೆವ್ವವನ್ನು ನಾನು ನಂಬುವುದಿಲ್ಲ. ಆದರೆ ‘ಅಮುಕುವುದು’ ಎಂಬ ಮಾತಿನಷ್ಟು ಕರಾರುವಾಕ್ಕಾದ ಮಾತು ಇದಕ್ಕೆ ಬೇರೊಂದಿಲ್ಲ. ಆ ಮಾತು ಕಟ್ಟಿದವರು ಇದನ್ನು ಖಂಡಿತ ಅನುಭವಿಸಿದ್ದರು.

ಅದೇ ತಿಂಗಳು ಮತ್ತೆ ಎರಡು ಸಲ ಬಂತು. ನಿದ್ದೆ ಮಾಡಲೇ ಹೆದರಿಕೆಯಾಗಿ ನರರೋಗ ತಜ್ಞರ ಬಳಿ ಹೋದೆ. ಹಗಲಿನಲ್ಲಿ ತಡೆಯಲಾಗದಷ್ಟು ನಿದ್ದೆ ಬರುತ್ತದೆಯೇ, ಜೋರಾಗಿ ನಕ್ಕಾಗ ಮೊಣಕಾಲು ಕುಸಿಯುತ್ತದೆಯೇ ಎಂದೆಲ್ಲ ಕೇಳಿ, ನಾರ್ಕೊಲೆಪ್ಸಿಯ, ಅಂದರೆ ಹಗಲಿನಲ್ಲೇ ತಡೆಯಲಾಗದಂತೆ ನಿದ್ದೆ ಬರುವ ಕಾಯಿಲೆಯ, ಲಕ್ಷಣವಿಲ್ಲ ಎಂದರು. ಕನಸು ಬೀಳುವ ಹೊತ್ತಿನ ನಿದ್ದೆಯಲ್ಲಿ, ಅಂದರೆ ರೆಮ್ ನಿದ್ದೆಯಲ್ಲಿ, ನಾವು ಕನಸಿಗೆ ತಕ್ಕಂತೆ ಕೈಕಾಲು ಆಡಿಸಿ ಪೆಟ್ಟು ಮಾಡಿಕೊಳ್ಳದಿರಲೆಂದು ಮೆದುಳು ಸ್ನಾಯುಗಳನ್ನು ಸಡಿಲಿಸಿಡುತ್ತದೆ. ಆ ಸಡಿಲಿಕೆ ಕಳೆಯುವ ಮೊದಲೇ ಎಚ್ಚರವಾದರೆ ಹೀಗಾಗುತ್ತದೆ; ಇದಕ್ಕೆ ಸ್ಲೀಪ್ ಪ್ಯಾರಾಲಿಸಿಸ್ ಎನ್ನುತ್ತಾರೆ. ಕೋಣೆ ನಿಜ, ಕಂಡ ಆಕೃತಿ ಮಾತ್ರ ಅರ್ಧ ಉಳಿದ ಕನಸು. ನೂರರಲ್ಲಿ ಸುಮಾರು ಎಂಟು ಮಂದಿಗೆ ಜೀವನದಲ್ಲಿ ಒಮ್ಮೆಯಾದರೂ ಆಗುತ್ತದೆಯಂತೆ. ನಿದ್ದೆಗೆಡುವುದು, ಪಾಳಿ ಬದಲಾಗುತ್ತಿರುವುದು, ಅಂಗಾತ ಮಲಗುವುದು ಇದನ್ನು ಹೆಚ್ಚಿಸುತ್ತವೆ. ಆ ಮೂರೂ ನನ್ನಲ್ಲಿದ್ದವು.

ಅವರು ಹೇಳಿದ ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ಕೂತಿತು. ದೇಹವೆಲ್ಲ ಕಟ್ಟಿಹೋದರೂ ಕಣ್ಣಿನ ಸ್ನಾಯುಗಳು ಮತ್ತು ಉಸಿರಾಡಿಸುವ ವಪೆ ಕೆಲಸ ನಿಲ್ಲಿಸುವುದಿಲ್ಲ. ಉಸಿರು ಕಟ್ಟಿದಂತೆ ಅನ್ನಿಸುತ್ತದೆಯೇ ಹೊರತು ಕಟ್ಟುವುದಿಲ್ಲ.

ಕಣ್ಣಿನ ಈ ಸಂಗತಿಯನ್ನು ನಾನು ಮೊದಲೇ ಓದಿದ್ದೆ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಎಂಬ ಸಂಶೋಧಕರು ನನ್ನಂತೆಯೇ ಕನಸಿನಲ್ಲಿ ಎಚ್ಚರವಿರುವ ಒಬ್ಬರನ್ನು ಮಲಗಿಸಿ, ಕನಸೆಂದು ತಿಳಿದ ಕೂಡಲೇ ಕಣ್ಣುಗಳನ್ನು ಎಡಕ್ಕೆ ಬಲಕ್ಕೆ ಆಡಿಸಲು ಮೊದಲೇ ಹೇಳಿಟ್ಟಿದ್ದರು. ನಿದ್ದೆಯ ಒಳಗಿನಿಂದ ಬಂದ ಆ ಸಂಕೇತ ಯಂತ್ರದಲ್ಲಿ ದಾಖಲಾಯಿತು. ಅಂದರೆ ಒಳಗಿರುವವರು ಹೊರಗಿನವರಿಗೆ ಸುದ್ದಿ ಕಳಿಸಬಹುದು. ನನ್ನ ಕಣ್ಣನ್ನು ಬೆಳಗಿನ ಜಾವ ಯಾರೂ ನೋಡುತ್ತಾ ಕೂರುವುದಿಲ್ಲ. ಆದರೆ ಉಸಿರಿನ ಸದ್ದು ಅಡುಗೆಮನೆಯವರೆಗೆ ಕೇಳುತ್ತದೆ.

‘ನನ್ನ ಉಸಿರು ಬುಸ್ ಬುಸ್ ಎಂದು ಜೋರಾದರೆ ಬಂದು ಮುಟ್ಟು, ಅಮ್ಮಾ. ಏನೂ ಕೇಳಬೇಡ, ಸುಮ್ಮನೆ ಮುಟ್ಟು’ ಎಂದೆ. ಕೋಣೆಯ ಬಾಗಿಲು ತೆರೆದಿಟ್ಟು, ಮಗ್ಗುಲಾಗಿ ಮಲಗುವುದನ್ನು ರೂಢಿಸಿಕೊಂಡೆ. ಪಾಳಿ ಬದಲಿಸಿಕೊಡಿ ಎಂದು ಕಚೇರಿಯಲ್ಲಿ ಬರೆದುಕೊಟ್ಟದ್ದಕ್ಕೆ ಉತ್ತರ ಬರಲು ಎರಡು ತಿಂಗಳು ಹಿಡಿಯಿತು. ಆ ಮಾತು ಅಷ್ಟಕ್ಕೇ ಇರಲಿ.

ಏಪ್ರಿಲ್ ಕೊನೆಯಲ್ಲಿ ಅದು ಮತ್ತೆ ಬಂತು. ನಿದ್ದೆಯಲ್ಲಿ ಅಂಗಾತ ಹೊರಳಿದ್ದೆ. ಅದೇ ಬೀರು, ಅದೇ ಎತ್ತರ. ಈ ಸಲ ಕೈ ಎತ್ತಲು ಹೋಗಲಿಲ್ಲ, ಕ್ಯಾಲೆಂಡರ್ ಓದಲಿಲ್ಲ. ‘ಕೋಣೆ ನಿಜ, ನೀನು ಕನಸು’ ಎಂದು ನಾಯಿಗೆ ಹೇಳುತ್ತಿದ್ದಂತೆ ಮನಸ್ಸಿನಲ್ಲೇ ಹೇಳಿದೆ. ಅದು ಹೋಗಲಿಲ್ಲ, ಆದರೆ ಹತ್ತಿರವೂ ಬರಲಿಲ್ಲ. ಉಸಿರಿನ ಮೇಲೆ ಗಮನವಿಟ್ಟು ಮೂಗಿನಿಂದ ಜೋರಾಗಿ ಬಿಟ್ಟೆ. ಒಂದು, ಎರಡು, ಮೂರು. ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು. ಬರಿಗಾಲಿನ ಹೆಜ್ಜೆಗಳು. ಆಮೇಲೆ ನನ್ನ ಪಾದದ ಮೇಲೆ ತಣ್ಣಗಿನ ಒದ್ದೆ ಕೈ, ಬೆರಳುಗಳಿಗೆ ಅಂಟಿಕೊಂಡಿದ್ದ ನಾಲ್ಕು ಅಕ್ಕಿ ಕಾಳುಗಳ ಸಮೇತ. ದೇಹ ಒಮ್ಮೆಲೇ ನನ್ನದಾಯಿತು.

‘ಬಂದಿತ್ತಾ?’ ಎಂದಳು ಅಮ್ಮ.

‘ಹೂಂ.’

‘ಎದ್ದು ಕೂತುಕೋ ಪುಟ್ಟಿ. ಹಾಗೆಯೇ ಮಲಗಿದರೆ ಮತ್ತೆ ಬರುತ್ತದೆ.’

ಹಾಸಿಗೆಯ ಅಂಚಿನಲ್ಲಿ ನನ್ನ ಪಕ್ಕ ಕೂತು, ತಾನೂ ಬೀರುವಿನ ಕಡೆಗೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅನ್ನಕ್ಕಿಡಲು ಎದ್ದು ಹೋದಳು.